ಮನೆಗೆ ಬಂದು ಕರೀರಿ

ಕಂಪ್ಯೂಟರಿನಿಂದ ನನಗೆ ಇಷ್ಟು ವರ್ಷದಲ್ಲಿ ಹೇಳಿಕೊಳ್ಳುವಂಥ ತೊಂದರೆ ಆಗಿಲ್ಲ. ಅದು ಹೇಳಿದ್ದನ್ನು ಮಾಡುತ್ತದೆ. ತಪ್ಪು ಹೇಳಿದರೆ ತಪ್ಪನ್ನೇ ಮಾಡುತ್ತದೆ, ಮುಖ ಊದಿಸಿಕೊಂಡು ಕೂರುವುದಿಲ್ಲ. ಆಗುವುದೆಲ್ಲ ಅದರ ಮುಂದೆ ಕೂತ ಜನರಿಂದ, ಅದು ವಾರಕ್ಕೊಂದು ಸಲವಾದರೂ ಆಗುತ್ತಲೇ ಇರುತ್ತದೆ.

ನಾನು ವೆಬ್‌ಸೈಟ್ ಕಟ್ಟುವವಳು. ಅದರಲ್ಲೂ ಜನ ಒಂದೆಡೆ ಸೇರುವಂಥ ವೆಬ್‌ಸೈಟು: ಭಜನಾ ಮಂಡಳಿ, ಹಳೇ ವಿದ್ಯಾರ್ಥಿಗಳ ಕೂಟ, ಬೆಳಗಿನ ವಾಕಿಂಗ್ ಬಳಗ, ಇಂಥವಕ್ಕೆಲ್ಲ ಅವರದೇ ಪುಟ್ಟ ಸೋಷಿಯಲ್ ನೆಟ್‌ವರ್ಕ್ ಮಾಡಿಕೊಡುತ್ತೇನೆ. ಆರ್‌ಪಿಸಿ ಲೇಔಟಿನಲ್ಲಿ ಒಂದು ಮನೆಯ ಮಹಡಿ ಮೇಲಿನ ಕೋಣೆ ನನ್ನ ಆಫೀಸು. ನಮ್ಮಪ್ಪ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ಕೆಲಸ ಮಾಡಿದವರು. ಒಂದು ಸಲ "ನೀನು ದಿನಾ ಏನಮ್ಮ ಮಾಡೋದು?" ಅಂತ ಕೇಳಿದರು. "ಜನರನ್ನ ಸೇರಿಸ್ತೀನಪ್ಪ" ಅಂದೆ. "ಕಬ್ಬಿಣಾನೇ ವಾಸಿ" ಅಂದು ಪೇಪರ್ ಓದುವುದಕ್ಕೆ ಹೋದರು. ಅವರು ತಮಾಷೆಗೆ ಹೇಳಿದ್ದಲ್ಲ ಅಂತ ಚಂದ್ರಾ ಲೇಔಟಿನ ಕೆಲಸ ಹಿಡಿದ ಮೇಲೆ ಗೊತ್ತಾಯಿತು.

1. ಹಸಿರು ಚುಕ್ಕಿ

ಚಂದ್ರಾ ಲೇಔಟಿನ ಎರಡು ಅಡ್ಡರಸ್ತೆಯವರು ಸೇರಿ ಒಂದು ನಿವಾಸಿಗಳ ಸಂಘ ಮಾಡಿಕೊಂಡಿದ್ದಾರೆ. ಅದರ ಅಧ್ಯಕ್ಷರು ನಿವೃತ್ತ ಎಲೆಕ್ಟ್ರಿಕಲ್ ಎಂಜಿನಿಯರು. ಬಿಳಿ ಅರ್ಧ ತೋಳಿನ ಷರ್ಟು, ಜೇಬಿನಲ್ಲಿ ಒಂದು ಪೆನ್ನು, ಒಂದು ಟೆಸ್ಟರು. ಅವರು ನಿವೃತ್ತರಾಗಿ ಹನ್ನೆರಡು ವರ್ಷವಾದರೂ ಟೆಸ್ಟರು ಇನ್ನೂ ಸರ್ವೀಸಿನಲ್ಲೇ ಇತ್ತು.

"ನಮ್ಮ ಎಪ್ಪತ್ತು ಮನೆಗೂ ಸೇರಿ ಒಂದು ನೆಟ್‌ವರ್ಕ್ ಮಾಡ್ಕೊಡಮ್ಮ. ಹೊರಗಿನೋರು ಯಾರೂ ಬೇಡ. ನೀರು ಬಂತು, ಕರೆಂಟ್ ಹೋಯ್ತು, ಯಾರ ಮನೇಲಿ ಏನು ಕಾರ್ಯ, ಎಲ್ಲಾ ಅಲ್ಲೇ ಗೊತ್ತಾಗ್ಬೇಕು" ಅಂದರು.

ನಾನು ಬೇರೆಯವರಿಗೆ ಮಾಡಿಕೊಟ್ಟಿದ್ದನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಫೋಟೋ ಹೇಗೆ ಹಾಕುವುದು, ಬೇಡದ ಮಾತು ಬಂದರೆ ಹೇಗೆ ತೆಗೆಯುವುದು, ಎಲ್ಲ ಹೇಳಿದೆ. ಅವರು ಹೂಂ, ಹೂಂ ಅಂದರೇ ಹೊರತು ಯಾವುದಕ್ಕೂ ಕಣ್ಣರಳಿಸಲಿಲ್ಲ. ಕೊನೆಗೆ ಕೇಳಿದರು.

"ಒಬ್ಬರು ಒಳಗೆ ಬಂದ್ರು ಅಂತ ನನಗೆ ಹೇಗೆ ಗೊತ್ತಾಗುತ್ತೆ?"

"ಅವರ ಹೆಸರಿನ ಪಕ್ಕ ಒಂದು ಹಸಿರು ಚುಕ್ಕಿ ಬರುತ್ತೆ ಸಾರ್."

"ಯಾರು ಬಂದ್ರೂ ಬರುತ್ತಾ?"

"ಯಾರು ಬಂದ್ರೂ."

"ಎದುರು ಮನೆಯವರು ಬಂದ್ರೂ?"

"ಎದುರು ಮನೆಯವರು ಬರೋದು ಕಿಟಕೀಲೇ ಕಾಣುತ್ತಲ್ಲ ಸಾರ್, ಅದಕ್ಕೆ ಚುಕ್ಕಿ ಯಾಕೆ?" ಅಂದು ನಾನೇ ನಕ್ಕೆ.

ಅವರು ನಗಲಿಲ್ಲ. ರಸ್ತೆ ಕಡೆಯ ಕಿಟಕಿಗೆ ಹಗಲು ಹೊತ್ತಿನಲ್ಲೂ ಪರದೆ ಎಳೆದಿತ್ತು. ಅದರ ಕಡೆ ಒಂದು ಸಲ ನೋಡಿ, "ಚುಕ್ಕಿ ಸ್ವಲ್ಪ ದೊಡ್ಡದಾಗೇ ಇರ್ಲಿ" ಅಂದರು.

2. ಊಟಾನಾ, ತಿಂಡೀನಾ?

ಸೈಟು ತಯಾರಾಯಿತು. ಎಪ್ಪತ್ತು ಮನೆಯ ಮೊಬೈಲಿಗೂ ಒಂದು ಕರೆ ಕಳಿಸಿದೆ. "ನಮ್ಮ ಬಳಗಕ್ಕೆ ಬನ್ನಿ" ಅಂತ ಒಂದು ಸಾಲು, ಕೆಳಗೆ ಎರಡು ಬಟನ್: "ಬರ್ತೀವಿ", "ಬರಲ್ಲ". ಮುಂದೆ ಯಾರಾದರೂ ನಾಮಕರಣಕ್ಕೋ ಪೂಜೆಗೋ ಸೈಟಿನಲ್ಲೇ ಕರೆಯಬೇಕೆಂದರೂ ಇದೇ ಪುಟ ಬಳಸಬಹುದು ಅನ್ನುವುದು ನನ್ನ ಜಾಣತನ.

ಹತ್ತು ದಿನದಲ್ಲಿ ಬಂದವರು ಹನ್ನೊಂದು ಮನೆಯವರು. ದರ್ಶಿನಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಆ ರಸ್ತೆಯ ಒಬ್ಬ ಹೆಂಗಸು ಸಿಕ್ಕರು. "ಯಾಕಮ್ಮ ನೀವು ಸೇರ್ಕೊಂಡಿಲ್ಲ?" ಅಂತ ಕೇಳಿದೆ.

"ನಮ್ಮನ್ನ ಯಾರೂ ಕರೆದೇ ಇಲ್ವಲ್ಲ."

"ನಿಮ್ಮ ಮೊಬೈಲಿಗೆ ಬಂದಿದೆಯಲ್ಲಮ್ಮ?"

"ಮೊಬೈಲಿಗೆ ಬಂದಿದೆ. ಕರೆದಿಲ್ಲ."

ಇದನ್ನು ಅಧ್ಯಕ್ಷರ ಮನೆಯಲ್ಲಿ ಹೇಳಿದೆ. ಅವರ ಹೆಂಡತಿಯನ್ನು ನಾನು ಅಮ್ಮ ಅಂತಲೇ ಕರೆಯುವುದು. ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಿದ್ದವರು ಕೈ ನಿಲ್ಲಿಸಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಇಷ್ಟು ವರ್ಷದಿಂದ ಜನರನ್ನ ಸೇರಿಸೋ ಕೆಲಸ ಮಾಡ್ತಿದೀಯಾ, ಕರೆಯೋದು ಹೇಗೆ ಅಂತ ಗೊತ್ತಿಲ್ವಾ? ಶುಕ್ರವಾರ ಸೀರೆ ಉಟ್ಕೊಂಡು ಬಾ."

ಶುಕ್ರವಾರ ಅಮ್ಮನ ಕೈಯಲ್ಲಿ ಬೆಳ್ಳಿಯ ಕುಂಕುಮದ ಬಟ್ಟಲು. ಹಿಂದೆ ನಾನು, ಸೀರೆಯ ಮೇಲೆ ಲ್ಯಾಪ್‌ಟಾಪ್ ಬ್ಯಾಗ್ ನೇತುಹಾಕಿಕೊಂಡು. ಮನೆಮನೆಗೆ ಹೋಗುವುದು, ಆ ಮನೆಯ ಹೆಂಗಸಿಗೆ ಕುಂಕುಮ ಕೊಡುವುದು, "ನಮ್ಮ ವೆಬ್‌ಸೈಟಿಗೆ ಮನೆಮಂದಿಯೆಲ್ಲ ಬರಬೇಕು" ಅನ್ನುವುದು. ಅಮ್ಮ ಮಗನ ಮದುವೆಗೆ ಕರೆಯುವಷ್ಟೇ ಗಂಭೀರವಾಗಿ ಹೇಳುತ್ತಿದ್ದರು. ಜನವೂ ಅಷ್ಟೇ ಗಂಭೀರವಾಗಿ ಕೇಳಿಸಿಕೊಂಡರು.

"ಖಂಡಿತ ಬರ್ತೀವಿ. ಯಾವತ್ತು?"

"ಯಾವತ್ತು ಬೇಕಾದ್ರೂ ಬನ್ನಿ."

"ಊಟಾನಾ, ತಿಂಡೀನಾ?"

ಅಮ್ಮ ನನ್ನ ಕಡೆ ತಿರುಗಿದರು. ಅದು ಟೆಕ್ನಿಕಲ್ ಪ್ರಶ್ನೆ, ನಾನೇ ಉತ್ತರ ಕೊಡಬೇಕು ಅಂತ ಅವರ ಲೆಕ್ಕ. "ಎರಡೂ ಇಲ್ಲ" ಅಂದೆ. ಆ ಮನೆಯವರ ಮುಖ ಬಾಡಿತು. ಅಮ್ಮ ತಕ್ಷಣ ನನ್ನನ್ನು ಹಿಂದಕ್ಕೆ ತಳ್ಳಿ, "ಇವಳಿಗೇನು ಗೊತ್ತು, ಮುಂದೆ ಇಟ್ಕೊಳ್ಳೋಣ" ಅಂದರು. ಇವತ್ತಿಗೂ ಎಷ್ಟೋ ಜನ ಆ "ಮುಂದೆ"ಗೆ ಕಾದಿದ್ದಾರೆ.

ಕುಂಕುಮ ಕೊಡಲು ಬಂದವರನ್ನು ಬರಿಗೈಲಿ ಕಳಿಸುವುದುಂಟೇ. ಒಂದು ಮನೆಯಲ್ಲಿ ತೆಂಗಿನಕಾಯಿ, ಇನ್ನೊಂದರಲ್ಲಿ ಎಲೆ ಅಡಿಕೆ, ಮತ್ತೊಂದರಲ್ಲಿ ರವಿಕೆ ಕಣ. ಸಾಯಂಕಾಲದ ಹೊತ್ತಿಗೆ ನನ್ನ ಬ್ಯಾಗಿನಲ್ಲಿ ಲ್ಯಾಪ್‌ಟಾಪಿಗೇ ಜಾಗ ಇರಲಿಲ್ಲ, ಅದನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದೆ. ಆದರೆ ಭಾನುವಾರದೊಳಗೆ ಎಪ್ಪತ್ತರಲ್ಲಿ ಅರವತ್ತೊಂಬತ್ತು ಮನೆಯವರು ಸೇರಿದ್ದರು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಅಷ್ಟು ಚೆನ್ನಾಗಿ ಯಾವ ಸೈಟೂ ತುಂಬಿಲ್ಲ.

ಬಿಟ್ಟುಹೋದದ್ದು ಒಂದೇ ಮನೆ. ಅಧ್ಯಕ್ಷರ ಎದುರು ಮನೆ. ಅಮ್ಮ ಆ ಗೇಟಿನ ಮುಂದೆ ಕ್ಷಣ ನಿಂತು, ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮುಂದೆ ನಡೆದಿದ್ದರು. "ಯಾಕಮ್ಮ?" ಅಂದಾಗ ತಮ್ಮ ಮನೆಯ ಜಗಲಿಗೆ ಬಂದು ಕೂತು ಹೇಳಿದರು.

ಎದುರು ಮನೆಯಲ್ಲಿರುವುದು ನಿವೃತ್ತ ಗಣಿತದ ಮೇಷ್ಟ್ರು. ಅವರಿಗೂ ಅಧ್ಯಕ್ಷರಿಗೂ ಇಪ್ಪತ್ತೈದು ವರ್ಷದ ಸ್ನೇಹ. ಬೆಳಗಿನ ವಾಕಿಂಗು, ಪೇಪರು, ಕಾಫಿ ಎಲ್ಲ ಜೊತೆಗೇ. ಯಾವ ಕಾರ್ಯಕ್ಕೂ ಅಮ್ಮ ಹೋಗಿ ಮೇಷ್ಟ್ರ ಹೆಂಡತಿಗೆ ಕುಂಕುಮ ಕೊಟ್ಟು ಕರೆಯುತ್ತಿದ್ದರು. ಎರಡು ವರ್ಷದ ಹಿಂದೆ, ಅಮ್ಮ ಅಕ್ಕ ಅಂತಲೇ ಕರೆಯುತ್ತಿದ್ದ ಆಕೆ ತೀರಿಕೊಂಡರು. ಅದಾದ ಮೇಲೆ ಅಧ್ಯಕ್ಷರ ಮಗ ಕೆಂಗೇರಿಯಲ್ಲಿ ಮನೆ ಕಟ್ಟಿಸಿದ.

"ಗೃಹಪ್ರವೇಶಕ್ಕೆ ಕರೀಬೇಕು. ನಾನು ಬಟ್ಟಲು ಹಿಡ್ಕೊಂಡು ಹೋಗಿ ಯಾರಿಗೆ ಕೊಡ್ಲಿ? ನೀವೇ ಹೋಗಿ ಬನ್ನಿ ಅಂತ ಇವರಿಗೆ ಹೇಳ್ದೆ. ಇವರು ಗೇಟಿನ ತನಕ ಹೋಗಿ ಮೂರು ಸಲ ವಾಪಸ್ ಬಂದ್ರು. ಅಕ್ಕ ಇಲ್ಲದ ಮನೆ ಬಾಗಿಲಲ್ಲಿ ನಿಂತ್ಕೊಂಡು ಮನೆಮಂದಿಯೆಲ್ಲ ಬನ್ನಿ ಅನ್ನೋಕೆ ಬಾಯಿ ಬರ್ಲಿಲ್ಲವಂತೆ. ಕೊನೆಗೆ ಮೊಬೈಲಲ್ಲಿ ಕಳಿಸ್ಬಿಟ್ರು."

"ಮೇಷ್ಟ್ರು ಬರ್ಲಿಲ್ವಾ?"

"ಬರ್ಲಿಲ್ಲ. ಕುಂಕುಮ ಇಸ್ಕೊಳ್ಳೋರು ಇಲ್ಲ ಅಂದ್ಮೇಲೆ ನಮ್ಮದು ಮನೇನೇ ಅಲ್ವಾ ಅಂತ ಬೇಜಾರು ಮಾಡ್ಕೊಂಡ್ರು. ಅವತ್ತಿಂದ ಮಾತಿಲ್ಲ. ವರ್ಷದ ಮೇಲಾಯ್ತು." ಅಮ್ಮ ಕಣ್ಣೊರೆಸಿಕೊಂಡು ಅಂದರು. "ಹೂವಿನವಳ ಹತ್ರ ಮೇಷ್ಟ್ರು ಏನಂದ್ರಂತೆ ಗೊತ್ತಾ? ಅವರು ಮೊಬೈಲಲ್ಲೇ ಕರೆದ್ರು, ನಾನೂ ಮೊಬೈಲಲ್ಲೇ ಉಂಡೆ, ಹೋಳಿಗೆ ಚೆನ್ನಾಗಿತ್ತು ಅಂತ ಹೇಳಿಬಿಡು ಅಂತ."

3. ಹೋಗಿ ಬರ್ತೀನಿ

ಸೈಟಿನ ಮೂಲೆಯಲ್ಲಿ ಒಂದು ಬಟನ್ ಇಟ್ಟಿದ್ದೆ: "ಹೊರಗೆ ಹೋಗಿ". ಕೆಲಸ ಮುಗಿದವರು ಅದನ್ನು ಒತ್ತಬೇಕು. ತಿಂಗಳಾದರೂ ಒಬ್ಬರೂ ಒತ್ತಲಿಲ್ಲ. ಎಲ್ಲರ ಹೆಸರಿನ ಪಕ್ಕವೂ ಹಗಲಿರುಳು ಹಸಿರು ಚುಕ್ಕಿ. ಯಾರು ನಿಜವಾಗಿ ಇದ್ದಾರೆ, ಯಾರು ಮಲಗಿದ್ದಾರೆ ಒಂದೂ ತಿಳಿಯದು.

ಸಂಘದ ಸಭೆಯಲ್ಲಿ ಇದನ್ನು ವಿವರಿಸಿದೆ. ಒಬ್ಬ ಅಜ್ಜಿ ಎದ್ದು ನಿಂತು ಕೇಳಿದರು. "ಕುಂಕುಮ ಕೊಟ್ಟು ಕರೆದೋರು ನೀವೇ. ಬಂದ್ಮೇಲೆ ಹೊರಗೆ ಹೋಗಿ ಅನ್ನೋರೂ ನೀವೇ. ಇದ್ಯಾವ ಮರ್ಯಾದೆ?"

ಸಭೆ ಪೂರ್ತಿ ಅಜ್ಜಿಯ ಪಕ್ಷಕ್ಕೆ ಹೋಯಿತು. ನಾನು ಅಲ್ಲೇ ಕೂತು ಬಟನ್ ಮೇಲಿನ ಮಾತನ್ನು ಬದಲಾಯಿಸಿದೆ: "ಹೋಗಿ ಬರ್ತೀನಿ". ಒತ್ತಿದರೆ ತೆರೆಯ ಮೇಲೆ "ಹೂಂ, ಹೋಗಿ ಬನ್ನಿ" ಅಂತ ಬರುತ್ತದೆ. ಎಲ್ಲರಿಗೂ ಸಮಾಧಾನವಾಯಿತು. ಅವತ್ತೇ ಎಲ್ಲರೂ ಒತ್ತಿದರು.

ಮಾರನೇ ದಿನದಿಂದ ಇನ್ನೊಂದು ಶುರುವಾಯಿತು. ಜನ ಹೋಗುವುದು, ಹತ್ತೇ ನಿಮಿಷಕ್ಕೆ ವಾಪಸ್ ಬರುವುದು, ಏನೂ ನೋಡದೆ ಮತ್ತೆ ಹೋಗುವುದು. ಯಾರೋ ಸೈಟಿಗೆ ನುಗ್ಗಲು ನೋಡುತ್ತಿದ್ದಾರೆ ಅಂತ ನನಗೆ ಗಾಬರಿ. ಎರಡು ದಿನ ಊಟ ಬಿಟ್ಟು ಹುಡುಕಿದೆ. ಅತಿ ಹೆಚ್ಚು ಸಲ ಹೋಗಿ ಬಂದದ್ದು ಅದೇ ಅಜ್ಜಿಯ ಮೊಬೈಲು. ಅವರ ಮನೆಗೇ ಹೋಗಿ ಕೇಳಿದೆ.

"ಏನಮ್ಮ ಮಾಡ್ಲಿ, ಬರ್ತೀನಿ ಅಂದಿರ್ತೀನಲ್ಲ. ಅಷ್ಟು ಪ್ರೀತಿಯಿಂದ ಹೋಗಿ ಬನ್ನಿ ಅಂತ ಬೇರೆ ಹೇಳುತ್ತೆ. ಬರದೇ ಇದ್ರೆ ಅದಕ್ಕೆ ಬೇಜಾರಾಗಲ್ವಾ?" ಅಂದರು.

ಹೋದವರು ಮತ್ತೆ ಬರುವಂತೆ ಮಾಡುವುದು ಹೇಗೆ ಅಂತ ನಮ್ಮ ವೃತ್ತಿಯಲ್ಲಿ ದೊಡ್ಡ ದೊಡ್ಡವರು ತಲೆ ಕೆಡಿಸಿಕೊಳ್ಳುತ್ತಾರೆ. ನಾನು ಆ ಅಜ್ಜಿಯ ಹೆಸರನ್ನು ಯಾರಿಗೂ ಹೇಳಿಲ್ಲ.

4. ಎಲ್ಲರೂ ಒಂದೇ ದಿನ

ಹುಟ್ಟಿದ ದಿನಕ್ಕೆ ಸೈಟು ತಾನಾಗಿಯೇ ಶುಭಾಶಯ ಹೇಳುವ ಹಾಗೆ ಮಾಡಿದ್ದೆ. ಒಂದು ಬೆಳಿಗ್ಗೆ ಒಟ್ಟಿಗೆ ನಲವತ್ತೆರಡು ಜನರಿಗೆ ಶುಭಾಶಯ ಹೋಯಿತು. ಸೈಟು ಕೈಕೊಟ್ಟಿತು ಅಂತ ನಾನು ಗಡಿಬಿಡಿಯಲ್ಲಿ ಓಡಿದೆ.

ಕೈಕೊಟ್ಟಿರಲಿಲ್ಲ. ಅವರ ಕಾಲದಲ್ಲಿ ಸ್ಕೂಲಿಗೆ ಸೇರಿಸುವಾಗ ಮನೆಯವರಿಗೆ ತಾರೀಖು ನೆನಪಿರುತ್ತಿರಲಿಲ್ಲ, ಮೇಷ್ಟ್ರುಗಳು ಸ್ಕೂಲು ಶುರುವಾಗುವ ದಿನವನ್ನೇ ಹುಟ್ಟಿದ ದಿನ ಅಂತ ಬರೆದುಬಿಡುತ್ತಿದ್ದರು. ಸಂಘದ ಅರ್ಧಕ್ಕರ್ಧ ಹಿರಿಯರು ದಾಖಲೆ ಪ್ರಕಾರ ಅವಳಿಜವಳಿ. ಅವರೋ ಒಬ್ಬರಿಗೊಬ್ಬರು ಶುಭಾಶಯ ಹೇಳಿಕೊಂಡು, ನಿಜವಾದ ಹುಟ್ಟುಹಬ್ಬ ಅಲ್ಲದಿದ್ದರೂ ಸಂಜೆಗೆ ಕೇಸರಿಬಾತ್ ಮಾಡಿಸಿ ಹಂಚಿದರು.

ಅಧ್ಯಕ್ಷರೂ ಆ ನಲವತ್ತೆರಡರಲ್ಲಿ ಒಬ್ಬರು. ಕೇಸರಿಬಾತಿನ ದೊನ್ನೆ ಹಿಡಿದುಕೊಂಡು ಕೂತಿದ್ದವರು ತಿನ್ನಲಿಲ್ಲ. "ಈ ದಿನ ಪ್ರತಿ ವರ್ಷ ಮೇಷ್ಟ್ರು ಬೆಳಿಗ್ಗೇನೇ ಬರೋರು. ನಿಮ್ಮ ಸುಳ್ಳು ಹುಟ್ಟುಹಬ್ಬಕ್ಕೆ ನನ್ನ ನಿಜವಾದ ಶುಭಾಶಯ ಅನ್ನೋರು. ಹೋದ ವರ್ಷ ಬರ್ಲಿಲ್ಲ. ಈ ವರ್ಷ ಸೈಟ್ ಹೇಳ್ತು" ಅಂದರು. ನಾನು ತಪ್ಪು ಮಾಡಿದವಳ ಹಾಗೆ ತಲೆ ತಗ್ಗಿಸಿ ಕೂತೆ.

"ಸೈಟ್ ಹೇಳಿದ್ದು ಚೆನ್ನಾಗಿರ್ಲಿಲ್ವಾ ಸಾರ್?"

"ಚೆನ್ನಾಗಿತ್ತಮ್ಮ. ಆದ್ರೆ ಅದು ನನ್ನ ಹುಟ್ಟುಹಬ್ಬ ನಿಜ ಅಂದ್ಕೊಂಡಿದೆ."

5. ಲೂಸ್ ಕಾಂಟ್ಯಾಕ್ಟ್

ಮೇಷ್ಟ್ರ ಹೆಸರಿನ ಮುಂದೆ "ಕಾಯುತ್ತಿದೆ" ಅಂತಲೇ ಇತ್ತು. ಅಂದರೆ ಕರೆ ಹೋಗಿದೆ, ಅವರು ಯಾವ ಬಟನ್ನೂ ಒತ್ತಿಲ್ಲ. ಅಧ್ಯಕ್ಷರು ದಿನಾ ಬೆಳಿಗ್ಗೆ ಏಳು ಗಂಟೆಗೆ ಅದನ್ನು ನೋಡಿ ನನಗೆ ಫೋನ್ ಮಾಡುತ್ತಿದ್ದರು.

"ಎಲ್ಲೋ ಲೂಸ್ ಕಾಂಟ್ಯಾಕ್ಟ್ ಆಗಿದೆ ಕಣಮ್ಮ. ಅಲ್ಲಿಗೆ ತಲುಪ್ತಾ ಇಲ್ಲ."

"ತಲುಪಿದೆ ಸಾರ್."

"ಇನ್ನೊಂದ್ಸಲ ಕಳ್ಸಿ ನೋಡು."

ಹದಿನಾರು ಸಲ ಕಳಿಸಿದೆ. ಅವರ ಸಮಾಧಾನಕ್ಕೆ ವೈರಿನ ಕಥೆಯನ್ನೆಲ್ಲ ಕೇಳಿಸಿಕೊಂಡೆ. ನನಗೆ ಸಿಟ್ಟು ಬೇಗ ಬರುತ್ತದೆ, ಮನೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಆ ಮನುಷ್ಯ ಪರದೆ ಎಳೆದ ಕಿಟಕಿಯ ಈಚೆ ಕೂತು, ಎದುರು ಮನೆಯವರು ಬಂದರೋ ಇಲ್ಲವೋ ಅಂತ ಮೊಬೈಲಿನಲ್ಲಿ ನೋಡುವುದನ್ನು ನೆನೆಸಿಕೊಂಡರೆ ಸಿಟ್ಟೆಲ್ಲ ಇಳಿದುಹೋಗುತ್ತಿತ್ತು. ಕೊನೆಗೆ ಒಂದು ದಿನ ಯಾರಿಗೂ ಹೇಳದೆ ನಾನೇ ಮೇಷ್ಟ್ರ ಮನೆಗೆ ಹೋದೆ.

ಅವರು ವರಾಂಡದಲ್ಲೇ ಕೂತಿದ್ದರು. ಹಣೆಯಲ್ಲಿ ವಿಭೂತಿ, ತೊಡೆಯ ಮೇಲೆ ಪೇಪರು. ನಾನು ಯಾರು ಅಂತ ಹೇಳಿದೆ. "ಗೊತ್ತು. ಕುಂಕುಮದ ಬಟ್ಟಲಿನ ಹಿಂದೆ ಲ್ಯಾಪ್‌ಟಾಪ್ ಹೊತ್ಕೊಂಡು ಹೋದೋರು" ಅಂದರು. ನೋಡಿದ್ದರು ಅಂತಾಯಿತು. ನನಗೆ ನಾಚಿಕೆಯಾಯಿತು. ತಾವೇ ಒಳಗೆ ಹೋಗಿ ಕಾಫಿ ಮಾಡಿ ತಂದರು. ಸಕ್ಕರೆ ಎರಡು ಸಲ ಬಿದ್ದಿತ್ತು, ನಾನು ಪೂರ್ತಿ ಕುಡಿದೆ.

"ಸಾರ್, ನಿಮಗೆ ಒಂದು ಕರೆ ಬಂದಿರ್ಬೇಕು."

"ಬಂದಿದೆ. ಹದಿನೇಳು ಸಲ."

"ಮತ್ತೆ ಯಾಕೆ ಸಾರ್ ಏನೂ ಒತ್ತಿಲ್ಲ?"

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. "ನೋಡಮ್ಮ. ಎರಡು ಉತ್ತರ ಕೊಟ್ಟಿದೀಯ. ಬರ್ತೀವಿ, ಬರಲ್ಲ. ಬರ್ತೀನಿ ಅನ್ನೋಕೆ ಮನಸ್ಸಿಲ್ಲ. ಬರಲ್ಲ ಅನ್ನೋಕೂ ಮನಸ್ಸಿಲ್ಲ. ಅಂದ್ರೆ ಪ್ರಶ್ನೇನೇ ತಪ್ಪು. ಪ್ರಶ್ನೆ ತಪ್ಪಿದ್ರೆ ನಾವು ಹುಡುಗರಿಗೆ ಏನು ಹೇಳ್ತಿದ್ವಿ ಗೊತ್ತಾ? ಬರೀಬೇಡಿ, ಸುಮ್ನೆ ಕೂತ್ಕೊಳ್ಳಿ, ಎಲ್ಲರಿಗೂ ಮಾರ್ಕ್ಸ್ ಸಿಗುತ್ತೆ ಅಂತ."

"ಎಷ್ಟು ದಿನ ಕೂತ್ಕೋತೀರಾ ಸಾರ್?"

ಮೇಷ್ಟ್ರು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದರು. ಅದನ್ನು ತೊಳೆದಿಟ್ಟು ಬಾಗಿಲಿಗೆ ಬಂದರು. ನಾನು ಚಪ್ಪಲಿ ಮೆಟ್ಟಿಕೊಳ್ಳುವಾಗ ಬಾಗಿಲ ಪಕ್ಕದ ಬೆಲ್ ತೋರಿಸಿ, "ಇದು ಎದುರು ಮನೆಯವರೇ ಹಾಕ್ಕೊಟ್ಟಿದ್ದು. ಚೆನ್ನಾಗೇ ಇದೆ, ಕೆಟ್ಟಿಲ್ಲ ಅಂತ ಹೇಳು" ಅಂದರು.

6. ಮೂರನೇ ಬಟನ್

ಆಫೀಸಿಗೆ ಬಂದವಳೇ ಆ ಕರೆಯ ಪುಟಕ್ಕೆ ಮೂರನೇ ಬಟನ್ ಸೇರಿಸಿದೆ. ಬರ್ತೀವಿ. ಬರಲ್ಲ. ಮನೆಗೆ ಬಂದು ಕರೀರಿ.

ಮೇಷ್ಟ್ರಿಗೆ ಅಂತ ಮಾಡಿದ್ದು. ಆದರೆ ಎಲ್ಲಾ ಕರೆಗೂ ಪುಟ ಒಂದೇ ಅನ್ನುವುದು ಮರೆತುಹೋಗಿತ್ತು. ಅದೇ ವಾರ ಒಂದು ಮನೆಯವರು ಮೊಮ್ಮಗಳ ನಾಮಕರಣಕ್ಕೆ ಸೈಟಿನಲ್ಲಿ ಎಲ್ಲರನ್ನೂ ಕರೆದರು. ಅರವತ್ತೆಂಟು ಮನೆಯವರಲ್ಲಿ ಅರವತ್ತೇಳು ಮನೆಯವರು ಮೂರನೆಯದನ್ನೇ ಒತ್ತಿದರು. ಒಬ್ಬರು ಮಾತ್ರ ಒತ್ತಲಿಲ್ಲ, ಅವರ ಮನೆಗೆ ಆಗಲೇ ಬಂದು ಕರೆದಾಗಿತ್ತು.

ನಾಮಕರಣದ ಮನೆಯವರು ಗಂಡ, ಹೆಂಡತಿ, ಮಗಳು ಮೂರು ತಂಡವಾಗಿ ಎರಡು ದಿನ ಕ್ರಾಸುಗಳಲ್ಲಿ ಸುತ್ತಿದರು. ಹೋದಲ್ಲೆಲ್ಲ ಕಾಫಿ, ಹೋದಲ್ಲೆಲ್ಲ ಕೂತು ಮಾತು. ಅವರನ್ನು ನೋಡಿ ಬೇರೆಯವರಿಗೂ ಯಾರ್ಯಾರ ಮನೆಗೆ ಹೋಗದೆ ಎಷ್ಟು ದಿನವಾಯಿತು ಅಂತ ನೆನಪಾಯಿತು, ಅವರೂ ಹೊರಟರು. ಒಂದು ವಾರ ಆ ರಸ್ತೆಯಲ್ಲಿ ಯಾವ ಹೊತ್ತಿಗೆ ನೋಡಿದರೂ ಯಾರೋ ಯಾರದೋ ಮನೆಗೆ ಹೋಗುತ್ತಿರುವುದೇ. ಸೈಟಿನಲ್ಲಿ ಒಂದು ನರಪಿಳ್ಳೆ ಇಲ್ಲ.

ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಜನರನ್ನು ಸೇರಿಸುವುದಕ್ಕೆ ಅಂತ ಮಾಡಿದ್ದು, ಜನ ಸೇರಿದ ಮೇಲೆ ಖಾಲಿ ಬಿದ್ದಿತ್ತು. ಸಂಘದ ಕಾರ್ಯದರ್ಶಿ ಫೋನ್ ಮಾಡಿದರು. ಬೈಯುತ್ತಾರೆ ಅಂದುಕೊಂಡೆ. "ಇಷ್ಟು ಚೆನ್ನಾಗಿ ಕೆಲಸ ಮಾಡೋ ಸೈಟ್ ನಾನು ನೋಡೇ ಇಲ್ಲ. ಅದನ್ನ ತೆಗೆಯೋ ಅವಶ್ಯಕತೇನೇ ಬರ್ತಿಲ್ಲ" ಅಂದರು.

7. ಗೃಹಪ್ರವೇಶ

ಒಂದು ಬುಧವಾರ ಬೆಳಿಗ್ಗೆ ಏಳಕ್ಕೆ ಅಧ್ಯಕ್ಷರ ಫೋನು. ಎಂದಿನ ಲೂಸ್ ಕಾಂಟ್ಯಾಕ್ಟ್ ಅಂತ ಎತ್ತಿದೆ. ಅವರು ಮೆಲ್ಲಗೆ, "ಮೇಷ್ಟ್ರು ಒತ್ತಿದಾರೆ ಕಣಮ್ಮ. ಮೂರನೇದು" ಅಂದರು.

ನಾನು ಹೋಗುವ ಹೊತ್ತಿಗೆ ಅವರು ಇಸ್ತ್ರಿ ಷರ್ಟು ಹಾಕಿಕೊಂಡು ನಿಂತಿದ್ದರು. ಅಮ್ಮ ತಟ್ಟೆಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ಅಕ್ಷತೆ ಇಟ್ಟರು. ಕುಂಕುಮದ ಬಟ್ಟಲನ್ನು ಒಂದು ಸಲ ತಟ್ಟೆಗೆ ಇಟ್ಟು, ತೆಗೆದು, ಮತ್ತೆ ಇಟ್ಟರು. "ಇರ್ಲಿ. ಅಕ್ಕನ ಫೋಟೋ ಇದೆಯಲ್ಲ, ಅದಕ್ಕಿಡಿ" ಅಂದರು.

ರಸ್ತೆ ದಾಟುವುದಕ್ಕೆ ಹತ್ತು ಹೆಜ್ಜೆ. ಅಧ್ಯಕ್ಷರು ಐದನೇ ಹೆಜ್ಜೆಗೆ ನಿಂತು ಹಿಂದೆ ತಿರುಗಿ ನೋಡಿದರು. ಅಮ್ಮ ಕೈಯಲ್ಲೇ ಮುಂದಕ್ಕೆ ಹೋಗಿ ಅಂತ ಸನ್ನೆ ಮಾಡಿದರು. ಗೇಟು ತೆಗೆದು ಹೋಗಿ ಬೆಲ್ ಒತ್ತಿದರು. ನಾವಿಬ್ಬರೂ ಪರದೆಯ ಸಂದಿಯಿಂದ ನೋಡುತ್ತಿದ್ದೆವು.

ಬೆಲ್ ಆಗಲಿಲ್ಲ. ಮತ್ತೆ ಒತ್ತಿದರು. ಆಗಲಿಲ್ಲ. ವರ್ಷದಿಂದ ಅದನ್ನು ಒತ್ತುವವರು ಯಾರೂ ಇರಲಿಲ್ಲ, ಕೆಟ್ಟಿದೆ ಅಂತ ಮೇಷ್ಟ್ರಿಗೂ ಗೊತ್ತಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಬಾಗಿಲು ತಟ್ಟುತ್ತಿದ್ದರು. ಅಧ್ಯಕ್ಷರು ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, ಜೇಬಿನಿಂದ ಟೆಸ್ಟರು ತೆಗೆದು, ಸ್ವಿಚ್ಚಿನ ತಿರುಪು ಬಿಚ್ಚುವುದಕ್ಕೆ ಶುರುಮಾಡಿದರು. ಅಮ್ಮ ಹಣೆ ಚಚ್ಚಿಕೊಂಡರು.

ಇನ್ನು ನೋಡುತ್ತಾ ನಿಲ್ಲುವುದು ನನ್ನಿಂದಾಗಲಿಲ್ಲ, ಮೇಷ್ಟ್ರ ಗೇಟಿನ ಹತ್ತಿರ ಹೋದೆ. ಅಷ್ಟರಲ್ಲಿ ಮೇಷ್ಟ್ರೇ ಬಾಗಿಲು ತೆಗೆದರು. ಎದುರಿಗೆ ಟೆಸ್ಟರು ಹಿಡಿದ ಅಧ್ಯಕ್ಷರು, ನೇತಾಡುವ ಸ್ವಿಚ್ಚು. ವರ್ಷದ ಮೇಲೆ ಮೊದಲ ಮಾತು.

"ಏನ್ರೀ ಮಾಡ್ತಿದೀರಿ?"

"ಲೂಸ್ ಕಾಂಟ್ಯಾಕ್ಟ್."

"ಆಯ್ತಾ?"

"ಇನ್ನೊಂದು ತಿರುಪಿದೆ."

ಮೇಷ್ಟ್ರು ಕಾದರು. ಅಧ್ಯಕ್ಷರು ತಿರುಪು ಹಾಕಿದರು, ಬೆಲ್ ಒತ್ತಿದರು, ಅದು ಹೊಡೆಯಿತು. ಆಮೇಲೆ ಟೆಸ್ಟರು ಜೇಬಿಗಿಟ್ಟು, ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ವರ್ಷದಿಂದ ಬಾಯಲ್ಲೇ ಉಳಿದಿದ್ದನ್ನು ಹೇಳಿದರು. "ಮಗ ಕೆಂಗೇರೀಲಿ ಮನೆ ಕಟ್ಸಿದಾನೆ. ಗೃಹಪ್ರವೇಶ. ಮನೆಮಂದಿಯೆಲ್ಲ…" ಅನ್ನುತ್ತಾ ತಟ್ಟೆಯನ್ನು ಮುಂದೆ ಚಾಚಿದರು.

"ಬರ್ಬೇಕು ಅಂತೀರಾ?" ಅಂದರು ಮೇಷ್ಟ್ರು.

"ಬರ್ಬೇಕು."

"ಯಾವತ್ತು?"

"ಹೋದ ವರ್ಷ ವೈಶಾಖದಲ್ಲಿ."

ಮೇಷ್ಟ್ರು ಒಳಗೆ ಹೋದರು. ಅಧ್ಯಕ್ಷರು ತಟ್ಟೆ ಹಿಡಿದು ನಿಂತೇ ಇದ್ದರು. ಕ್ಷಮಿಸಿ ಅಂತ ಒಂದು ಮಾತು ಹೇಳಬಾರದೇ, ಕೆಲಸ ಕೆಟ್ಟಿತು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಮೇಷ್ಟ್ರು ಅಂಗಿ ಬದಲಾಯಿಸಿಕೊಂಡು ಬಂದರು. ಕಂಕುಳಲ್ಲಿ ಬಣ್ಣದ ಕಾಗದ ಸುತ್ತಿದ ಒಂದು ಡಬ್ಬ. ಕಾಗದದ ಬಣ್ಣ ಮಾಸಿತ್ತು, ಮೇಲೆ ಧೂಳು. ಗೋಡೆ ಗಡಿಯಾರವಂತೆ, ಗೃಹಪ್ರವೇಶಕ್ಕೆ ಅಂತಲೇ ಆಗ ತಂದು ಬೀರುವಿನ ಮೇಲಿಟ್ಟದ್ದು. ಬಂದು ಕರೆದರೆ ಹೊರಡಲು ಅವರು ಅವತ್ತೇ ತಯಾರಿದ್ದರು.

"ಅವತ್ತು ನಾನು ಬಿಡುವಾಗೇ ಇದ್ದೆ. ನಡೀರಿ" ಅಂದರು.

"ಎಲ್ಲಿಗೆ?"

"ಗೃಹಪ್ರವೇಶಕ್ಕೆ."

ಅಧ್ಯಕ್ಷರು ಒಳಗೆ ಹೋಗಿ ಫೋಟೋಗೆ ಕುಂಕುಮವಿಟ್ಟು ಬಂದರು. ಇಬ್ಬರೂ ಅತ್ತಿಗುಪ್ಪೆ ಮೆಟ್ರೋ ಕಡೆ ನಡೆದರು. ಹೆಜ್ಜೆ ಒಂದೇ ಲೆಕ್ಕಕ್ಕೆ ಬೀಳುತ್ತಿತ್ತು. ಇಪ್ಪತ್ತೈದು ವರ್ಷದ ವಾಕಿಂಗು. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಾನೂ ಅತ್ತೆ, ಅದರಲ್ಲಿ ಮುಚ್ಚಿಡುವುದೇನಿದೆ.

ಒಂದು ಗಂಟೆಯಾದ ಮೇಲೆ ಅಮ್ಮ ಕಾಫಿ ಸೋಸುತ್ತಿದ್ದವರು ಥಟ್ಟನೆ ನಿಂತರು. ಮಗ ಸೊಸೆ ಇಬ್ಬರೂ ಆಫೀಸಿಗೆ ಹೋಗಿರುತ್ತಾರೆ, ಬರುವುದು ಸಂಜೆಗೆ. ಕೆಂಗೇರಿ ಮನೆಯ ಇನ್ನೊಂದು ಬೀಗದ ಕೈ ಅಲ್ಲೇ ನಮ್ಮೆದುರು ಮೊಳೆಯಲ್ಲಿ ನೇತಾಡುತ್ತಿತ್ತು. ನಾನು ಅಧ್ಯಕ್ಷರಿಗೆ ಫೋನ್ ಮಾಡಿದೆ.

"ಗೊತ್ತಾಯ್ತಮ್ಮ, ಬೀಗ ಹಾಕಿದೆ. ಮೆಟ್ಟಿಲ ಮೇಲೆ ಕೂತಿದೀವಿ. ಒಂದ್ನಿಮಿಷ ಇರು… ಬಂತು. ಹಸಿರು ಚುಕ್ಕಿ ಬಂತು ಕಣಮ್ಮ, ಮೇಷ್ಟ್ರದು."

"ಮೇಷ್ಟ್ರು ಎಲ್ಲಿದಾರೆ ಸಾರ್?"

"ಇಲ್ಲೇ, ನನ್ನ ಪಕ್ಕದಲ್ಲಿ."

ಪಕ್ಕದಲ್ಲಿ ಕೂತವರು ಬಂದದ್ದನ್ನು ಅವರು ಮೊಬೈಲಿನಲ್ಲಿ ನೋಡುತ್ತಿದ್ದರು. ಅಷ್ಟರಲ್ಲಿ ಸೈಟಿನಲ್ಲಿ ಮೇಷ್ಟ್ರ ಮೊದಲ ಫೋಟೋ ಬಂತು. ಬೀಗ ಹಾಕಿದ ಬಾಗಿಲು, ಅದಕ್ಕೆ ಒರಗಿಸಿಟ್ಟ ಗಡಿಯಾರ, ಮುಂದೆ ಮೆಟ್ಟಿಲ ಮೇಲೆ ಅಧ್ಯಕ್ಷರು. ಕೆಳಗೆ ಮೇಷ್ಟ್ರ ಅಚ್ಚುಕಟ್ಟಾದ ಬರಹ: "ಗೃಹಪ್ರವೇಶಕ್ಕೆ ಬಂದಿದ್ದೇನೆ. ಎಲ್ಲವೂ ಚೆನ್ನಾಗಿದೆ. ಒಳಗೆ ಹೋಗುವುದೊಂದು ಬಾಕಿ."

ವಾರದಿಂದ ಖಾಲಿ ಬಿದ್ದಿದ್ದ ಸೈಟಿಗೆ ಐದು ನಿಮಿಷದಲ್ಲಿ ಎಪ್ಪತ್ತು ಮನೆಯವರೂ ಬಂದರು. ಎಪ್ಪತ್ತು ಹಸಿರು ಚುಕ್ಕಿ. ಮೊದಲು ಬರೆದದ್ದು ಅಮ್ಮನ ಆ "ಮುಂದೆ"ಗೆ ಕಾದಿದ್ದ ಮನೆಯವರು.

"ಊಟಾನಾ, ತಿಂಡೀನಾ?"

ಮೇಷ್ಟ್ರು ಉತ್ತರ ಬರೆದರು: "ಸದ್ಯಕ್ಕೆ ಬೀಗ."